ಯುನೈಟೆಡ್ ಎಡವಿದ್ದೆಲ್ಲಿ: ಅಮೊರಿಮ್‌ರ 3-4-2-1 ಮತ್ತು ನಡುವಿನ ಆ ಖಾಲಿ ಜಾಗ

(ಚಿಕ್ಕಮಗಳೂರಿನಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಸೇರಿದ್ದಾಗ ಮಾಡಿದ ಉಪನ್ಯಾಸದ ಬರಹ ರೂಪ)

ಈ ಊರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳಿಗೇನೂ ಬರವಿಲ್ಲ. ಈ ಹಾಲ್‌ನಲ್ಲೂ ಕೆಲವರು ಕೂತಿದ್ದಾರೆ. ಅಂಗಿ ಎರಡೂ ಕಡೆಯವರದ್ದು ಕೆಂಪೇ ಆದ್ದರಿಂದ ಯಾರು ಯಾವ ಕಡೆ ಅಂತ ಇಲ್ಲಿಂದ ಗೊತ್ತಾಗುತ್ತಿಲ್ಲ, ಅಷ್ಟೆ. ಎದುರಾಳಿ ಎಡವಿದಾಗ ನಗುವುದು ಅಭಿಮಾನಿಯ ಹಕ್ಕು, ಅದನ್ನು ಬಿಟ್ಟುಕೊಡಿ ಅಂತ ಹೇಳಲು ಬಂದಿಲ್ಲ. ಆದರೆ ನಗಬೇಕಾದ ಜಾಗ ಒಂದು, ನಾವು ನಗುತ್ತಿರುವ ಜಾಗ ಇನ್ನೊಂದು. ಯುನೈಟೆಡ್‌ನ ಮ್ಯಾನೇಜರ್ ಆಗಿದ್ದ ಅಮೊರಿಮ್ ಬಗ್ಗೆ "ಮೂರು ಡಿಫೆಂಡರ್ ಇಟ್ಟ, ಅದಕ್ಕೇ ಸೋತ" ಅನ್ನುವ ಮಾತು ಗ್ರೂಪುಗಳಲ್ಲಿ ಎಷ್ಟು ಓಡಾಡಿದೆಯೆಂದರೆ ಈಗ ಅದೇ ಸತ್ಯ ಅನ್ನುವಂತಾಗಿದೆ. ಅದು ಅರ್ಧ ಮಾತು.

ಮೊದಲು ಲೆಕ್ಕ ಮುಗಿಸೋಣ. 2024-25ರ ಪ್ರೀಮಿಯರ್ ಲೀಗ್‌ನಲ್ಲಿ ಯುನೈಟೆಡ್ 15ನೇ ಸ್ಥಾನ. 38 ಪಂದ್ಯದಲ್ಲಿ 11 ಗೆಲುವು, 9 ಡ್ರಾ, 18 ಸೋಲು, ಒಟ್ಟು 42 ಪಾಯಿಂಟ್. ಹೊಡೆದದ್ದು 44 ಗೋಲು, ಹೊಡೆಸಿಕೊಂಡದ್ದು 54. ಸ್ವಂತ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲೇ ಲೀಗ್‌ನ 9 ಸೋಲು. ಮೇಲಿನ ಡಿವಿಷನ್‌ನಲ್ಲಿ ಅವರು ಇಷ್ಟು ಕೆಳಗೆ ಮುಗಿಸಿದ್ದು 1973-74ರ ನಂತರ ಇದೇ ಮೊದಲು, ಆ ವರ್ಷ ಅವರು ಎರಡನೇ ಡಿವಿಷನ್‌ಗೆ ಇಳಿದಿದ್ದರು.

ಇದನ್ನು ಎರಡು ಭಾಗ ಮಾಡಿ ನೋಡಿ. ಹಿಂದಿನ ಮ್ಯಾನೇಜರ್ ಎರಿಕ್ ಟೆನ್ ಹಾಗ್ ಅವರನ್ನು ತೆಗೆದದ್ದು 2024ರ ಅಕ್ಟೋಬರ್ 28ಕ್ಕೆ. ವಾನ್ ನಿಸ್ಟಲ್‌ರೋಯ್ ಹಂಗಾಮಿಯಾಗಿ ನಾಲ್ಕು ಪಂದ್ಯ ನೋಡಿಕೊಂಡರು, ಒಂದನ್ನೂ ಸೋಲಲಿಲ್ಲ. ನವೆಂಬರ್ 11ಕ್ಕೆ ರೂಬೆನ್ ಅಮೊರಿಮ್ ಬಂದಾಗ ತಂಡದ ಖಾತೆಯಲ್ಲಿ 11 ಲೀಗ್ ಪಂದ್ಯಕ್ಕೆ 15 ಪಾಯಿಂಟ್, ಸ್ಥಾನ 13. ಉಳಿದ 27 ಪಂದ್ಯಕ್ಕೆ ಅಮೊರಿಮ್ ತಂದದ್ದು 27 ಪಾಯಿಂಟ್: 7 ಗೆಲುವು, 6 ಡ್ರಾ, 14 ಸೋಲು. ಅಂದರೆ ಪಂದ್ಯಕ್ಕೊಂದೇ ಪಾಯಿಂಟ್. ಆ ವರ್ಷ ಕೆಳಗಿನ ಮೂರು ತಂಡಗಳು ತೀರಾ ಸೊರಗಿದ್ದವು, 18ನೇ ಸ್ಥಾನದ ಲೆಸ್ಟರ್‌ಗೆ ಸಿಕ್ಕಿದ್ದು 25 ಪಾಯಿಂಟ್. ಹಾಗಾಗಿ ಯುನೈಟೆಡ್‌ಗೆ ಇಳಿಯುವ ಭಯ ಹತ್ತಿರ ಸುಳಿಯಲಿಲ್ಲ. ಬೇರೆ ವರ್ಷವಾಗಿದ್ದರೆ ಕಥೆಯೇ ಬೇರೆ ಆಗುತ್ತಿತ್ತು.

ಹಾಗಂತ ಮನುಷ್ಯ ದಡ್ಡನಾ? ಅಲ್ಲವೇ ಅಲ್ಲ. ಬ್ರಾಗಾದಿಂದ ಅವರನ್ನು ತರಲು 2020ರಲ್ಲಿ ಲಿಸ್ಬನ್‌ನ ಸ್ಪೋರ್ಟಿಂಗ್ 1 ಕೋಟಿ ಯೂರೊ ಕೊಟ್ಟಿತ್ತು. 2020-21ರಲ್ಲೇ, 19 ವರ್ಷದ ನಂತರ, ಆ ಕ್ಲಬ್ ಲೀಗ್ ಗೆದ್ದಿತು, 2023-24ರಲ್ಲಿ ಮತ್ತೆ ಗೆದ್ದಿತು. ಯುನೈಟೆಡ್‌ಗೆ ಹೊರಡುವ ವಾರದಲ್ಲೇ, ನವೆಂಬರ್ 5ಕ್ಕೆ, ಮ್ಯಾಂಚೆಸ್ಟರ್ ಸಿಟಿಯನ್ನು 4-1ಕ್ಕೆ ಮಲಗಿಸಿದ್ದರು. ಅದೂ ಇದೇ 3-4-2-1 ಇಟ್ಟುಕೊಂಡೇ.

ಈಗ ಆ ಪದ್ಧತಿಯ ಒಳಗೆ ಹೋಗೋಣ. ಇವತ್ತಿನ ಮಾತಿನ ತಿರುಳು ಇಲ್ಲೇ ಇರುವುದು.

ಹಿಂದೆ ಮೂವರು ಸೆಂಟರ್‌ಬ್ಯಾಕ್. ಅವರ ಮುಂದೆ ನಡುವೆ ಇಬ್ಬರು ಮಿಡ್‌ಫೀಲ್ಡರ್, ಎರಡು ಅಂಚಿಗೆ ಇಬ್ಬರು ವಿಂಗ್‌ಬ್ಯಾಕ್. ಅವರ ಮುಂದೆ, ಅಂಚಿನಲ್ಲಲ್ಲ, ಒಳಗೆ, ಇಬ್ಬರು ಹತ್ತನೇ ನಂಬರಿನವರು, ಅಂದರೆ ಸ್ಟ್ರೈಕರ್‌ನ ಹಿಂದೆ ನಿಂತು ದಾಳಿ ಕಟ್ಟುವವರು. ತುದಿಯಲ್ಲಿ ಒಬ್ಬ ಸ್ಟ್ರೈಕರ್. ಚೆಂಡು ತಮ್ಮ ಬಳಿ ಇದ್ದಾಗ ವಿಂಗ್‌ಬ್ಯಾಕ್‌ಗಳು ಮೇಲೇರಿ 3-2-5 ಆಗುತ್ತದೆ, ಚೆಂಡು ಕಳೆದರೆ ಅವರೇ ಕೆಳಗೋಡಿ 5-4-1 ಆಗುತ್ತದೆ. ಕಾಗದದ ಮೇಲೆ ಬಲು ಚಂದ. ಮೈದಾನದಲ್ಲಿ ಇದರ ಭಾರವೆಲ್ಲ ಬೀಳುವುದು ನಾಲ್ಕು ಜನರ ಮೇಲೆ: ಇಬ್ಬರು ವಿಂಗ್‌ಬ್ಯಾಕ್, ಇಬ್ಬರು ಮಿಡ್‌ಫೀಲ್ಡರ್.

ಓಲ್ಡ್ ಟ್ರಾಫರ್ಡ್‌ನ ಅಗಲ 68 ಮೀಟರ್. ನಡುವೆ ಮೂವರಿದ್ದರೆ ಒಬ್ಬೊಬ್ಬನ ಪಾಲಿಗೆ ಹೆಚ್ಚುಕಡಿಮೆ 23 ಮೀಟರ್. ಇಬ್ಬರೇ ಇದ್ದರೆ 34. ಈ 11 ಮೀಟರಿನ ವ್ಯತ್ಯಾಸವನ್ನು ಯಾರಾದರೂ ತುಂಬಬೇಕಲ್ಲ? ಅಮೊರಿಮ್‌ರ ಪದ್ಧತಿಯಲ್ಲಿ ಅದಕ್ಕೆ ಉತ್ತರವಿದೆ. ಎದುರಾಳಿಯ ಮೂರನೇ ಮಿಡ್‌ಫೀಲ್ಡರ್ ಖಾಲಿ ಜಾಗಕ್ಕೆ ಇಳಿದ ತಕ್ಷಣ, ಹಿಂದಿನ ಮೂವರಲ್ಲಿ ಹೊರಗಡೆಯ ಸೆಂಟರ್‌ಬ್ಯಾಕ್ ತನ್ನ ಸಾಲು ಬಿಟ್ಟು ಹತ್ತು ಹದಿನೈದು ಮೀಟರ್ ಮುಂದೆ ನುಗ್ಗಿ ಅವನನ್ನು ಹಿಡಿಯಬೇಕು. ಆ ಕಡೆಯ ವಿಂಗ್‌ಬ್ಯಾಕ್ ಅದೇ ಕ್ಷಣ ಒಳಗೆ ಸರಿದು ಬಿಟ್ಟ ಜಾಗ ಮುಚ್ಚಬೇಕು. ಉಳಿದಿಬ್ಬರು ಸೆಂಟರ್‌ಬ್ಯಾಕ್ ಆ ಕಡೆಗೆ ಜಾರಬೇಕು. ಇದೆಲ್ಲ ಒಂದೆರಡು ಸೆಕೆಂಡಿನ ಕೆಲಸ. ಒಬ್ಬ ತಡಮಾಡಿದರೂ ಸರಪಳಿ ಕಳಚುತ್ತದೆ. ಡಿಫೆಂಡರ್ ಮುಂದೆ ಬಂದು ಚೆಂಡು ಸಿಗದಿದ್ದರೆ ಅವನ ಬೆನ್ನ ಹಿಂದೆ ಬಾಗಿಲು ತೆರೆದಂತೆ. ಬಾರದೆ ನಿಂತರೆ ಎದುರಾಳಿ ಗೋಲಿನ ಕಡೆ ಮುಖಮಾಡಿ ಆರಾಮಾಗಿ ತಿರುಗಿ ಪಾಸ್ ಕೊಡುತ್ತಾನೆ. 2024-25ರ ಯುನೈಟೆಡ್ ಎರಡೂ ತಪ್ಪನ್ನು ಸರದಿ ಪ್ರಕಾರ ಮಾಡಿತು. ಎರಡನೆಯದೇ ಜಾಸ್ತಿ.

ಸ್ಪೋರ್ಟಿಂಗ್‌ನಲ್ಲಿ ಆ ನಡುವಿನ ಜಾಗಕ್ಕೆ ಹ್ಯುಲ್ಮಂಡ್ ಮತ್ತು ಮೊರಿತಾ ಇದ್ದರು, ತೊಂಬತ್ತು ನಿಮಿಷವೂ ಓಡುವವರು. ಎದುರಾಳಿಗಳಲ್ಲಿ ಹೆಚ್ಚಿನವರು ಹಿಂದೆ ಸರಿದು ಕೂರುವವರು. ಯುನೈಟೆಡ್‌ನಲ್ಲಿ ಸಿಕ್ಕಿದ್ದು ಮೂವತ್ತೆರಡು ದಾಟಿದ ಕಸೆಮಿರೊ, ಅದೇ ವಯಸ್ಸಿನ ಎರಿಕ್ಸನ್, ಆಗಿನ್ನೂ ಇಪ್ಪತ್ತು ತುಂಬದ ಮೇನೂ, ಮತ್ತು ಉಗಾರ್ಟೆ. ಉಗಾರ್ಟೆ ಒಬ್ಬನೇ ಸ್ಪೋರ್ಟಿಂಗ್‌ನಲ್ಲಿ ಅಮೊರಿಮ್ ಕೈಕೆಳಗೆ ಆಡಿದವನು; ಚೆಂಡು ಕಸಿಯುವುದು ಗೊತ್ತು, ಕಸಿದದ್ದನ್ನು ಮುಂದೆ ಸಾಗಿಸುವುದು ಅಷ್ಟಕ್ಕಷ್ಟೆ.

ಎದುರುಗಡೆ ಯಾರಿದ್ದರು ನೋಡಿ. ಡಿಸೆಂಬರ್ 30ರ ಪಂದ್ಯ, ಓಲ್ಡ್ ಟ್ರಾಫರ್ಡ್‌ಗೆ ನ್ಯೂಕ್ಯಾಸಲ್ ಬಂದಿತ್ತು. ಅವರ ನಡುವಿನ ಮೂವರು ಬ್ರೂನೊ ಗಿಮರೈಸ್, ಟೊನಾಲಿ, ಜೋಲಿಂಟನ್. ಯುನೈಟೆಡ್‌ನ ಬ್ರೂನೊ ಫೆರ್ನಾಂಡಿಸ್ ಮತ್ತು ಉಗಾರ್ಟೆ ಇಬ್ಬರಿಗೂ ನಿಷೇಧ. ಹಾಗಾಗಿ ಕಸೆಮಿರೊ, ಎರಿಕ್ಸನ್ ಜೋಡಿ. ನಾಲ್ಕನೇ ನಿಮಿಷಕ್ಕೆ ಎಡದಿಂದ ಹಾಲ್ ಕೊಟ್ಟ ಕ್ರಾಸ್‌ಗೆ ಇಸಾಕ್ ತಲೆ, 1-0. ಹತ್ತೊಂಬತ್ತಕ್ಕೆ ಮತ್ತೆ ಎಡದಿಂದ ಗಾರ್ಡನ್ ಕ್ರಾಸ್, ಜೋಲಿಂಟನ್ ತಲೆ, 2-0. ಗೋಲುಗಳು ಬಂದದ್ದು ಅಂಚಿನಿಂದ, ಆದರೆ ಅಂಚು ತೆರೆದುಕೊಂಡದ್ದು ನಡುವೆ ಮೂವರು ಇಬ್ಬರ ಸುತ್ತ ಸುಲಭವಾಗಿ ಪಾಸ್ ಆಡುತ್ತಿದ್ದುದರಿಂದ. ವಿಂಗ್‌ಬ್ಯಾಕ್ ಒಳಗೆ ಸಹಾಯಕ್ಕೆ ಬಂದರೆ ಹೊರಗೆ ಖಾಲಿ, ಹೊರಗೆ ನಿಂತರೆ ಒಳಗೆ ಖಾಲಿ. 33ನೇ ನಿಮಿಷಕ್ಕೆ ಅಮೊರಿಮ್ ಸ್ಟ್ರೈಕರ್ ಜರ್ಕ್‌ಜೀಯನ್ನು ತೆಗೆದು ಮೇನೂನನ್ನು ಇಳಿಸಿದರು. ಸ್ವಂತ ಮೈದಾನದಲ್ಲಿ ಅರ್ಧ ಗಂಟೆಗೆ ಸ್ಟ್ರೈಕರ್ ತೆಗೆದು ಮಿಡ್‌ಫೀಲ್ಡರ್ ಹಾಕುವುದೆಂದರೆ ನಡುವೆ ಜನ ಸಾಲುತ್ತಿಲ್ಲ ಅಂತ ಒಪ್ಪಿಕೊಂಡ ಹಾಗೆಯೇ. ಯೂಟ್ಯೂಬ್‌ನಲ್ಲಿ ಮುಖ್ಯಾಂಶ ನೋಡಿದರೆ ಇದು ಕಾಣುವುದಿಲ್ಲ, ಕ್ರಾಸ್ ಮತ್ತು ಹೆಡರ್ ಅಷ್ಟೇ ಕಾಣುತ್ತದೆ. ಪೂರ್ತಿ ಪಂದ್ಯದ ಮೊದಲ ಇಪ್ಪತ್ತು ನಿಮಿಷ ನೋಡಿ.

ಇನ್ನು ವಿಂಗ್‌ಬ್ಯಾಕ್. ಟೆನ್ ಹಾಗ್ ಕಟ್ಟಿದ್ದು ನಾಲ್ಕು ಡಿಫೆಂಡರ್, ಎರಡು ವಿಂಗರ್‌ಗಳ ತಂಡ. ರ‍್ಯಾಶ್‌ಫರ್ಡ್, ಗರ್ನಾಚೊ, ಆಂಟನಿ ಮೂವರೂ ಗೆರೆಗಂಟಿಕೊಂಡು ಚೆಂಡು ಪಡೆದು ಒಳಗೆ ನುಗ್ಗುವವರು. ಈ ಪದ್ಧತಿಯಲ್ಲಿ ಆ ಗೆರೆ ವಿಂಗ್‌ಬ್ಯಾಕ್‌ಗೆ ಸೇರಿದ್ದು. ಆಂಟನಿಗಾಗಿ ಕೋಟಿಗಟ್ಟಲೆ ಪೌಂಡ್ ಸುರಿದಿದ್ದರು, ಆ ಕೆಲಸಕ್ಕೇ ಇಲ್ಲಿ ಹುದ್ದೆ ಇಲ್ಲ. ಜನವರಿಯಲ್ಲಿ ಆಂಟನಿ ಸ್ಪೇನ್‌ನ ಬೆಟಿಸ್‌ಗೆ, ಫೆಬ್ರವರಿ ಮೊದಲಿಗೆ ರ‍್ಯಾಶ್‌ಫರ್ಡ್ ಆ್ಯಸ್ಟನ್ ವಿಲ್ಲಾಗೆ ಲೋನ್ ಮೇಲೆ ಹೋದರು. ಎಡಗಡೆ ಲ್ಯೂಕ್ ಶಾ ಗಾಯದಿಂದ ಹೊರಗೆ, ಬಲಗಾಲಿನ ದಾಲೊ ಎಡಕ್ಕೆ. ಬಲಗಾಲಿನವನು ಎಡ ಅಂಚಿನಲ್ಲಿ ಓಡಿ ಕ್ರಾಸ್ ಹಾಕಬೇಕಾದರೆ ಒಮ್ಮೆ ನಿಂತು ಕಾಲು ಬದಲಿಸಬೇಕು. ಅಷ್ಟರಲ್ಲಿ ಎದುರಾಳಿಯ ಡಿಫೆಂಡರ್‌ಗಳು ಗೋಲಿನ ಮುಂದಿನ ಪೆನಾಲ್ಟಿ ಪೆಟ್ಟಿಗೆಯಲ್ಲಿ ಬಂದು ನಿಂತಿರುತ್ತಾರೆ. ಎಡಗಾಲಿನ ಡೊರ್ಗು ಇಟಲಿಯ ಲೆಚ್ಚೆಯಿಂದ ಬಂದದ್ದು ಫೆಬ್ರವರಿ ಹೊತ್ತಿಗೆ. ಅಮಾದ್ ಡಿಯಾಲೊ ಒಬ್ಬ ಬಲಗಡೆ ವಿಂಗ್‌ಬ್ಯಾಕ್ ಆಗಿಯೂ ಹತ್ತನೇ ನಂಬರಾಗಿಯೂ ಮಿಂಚಿದ; ಫೆಬ್ರವರಿಯಲ್ಲಿ ಕಣಕಾಲಿಗೆ ಪೆಟ್ಟಾಗಿ ಅವನೂ ಹೊರಗೆ ಕೂತ. ಮುಂದೆ ನಿಂತ ಹೊಯ್ಲುಂಡ್‌ಗೆ ಲೀಗ್ ಇಡೀ 4 ಗೋಲು, ಜರ್ಕ್‌ಜೀಗೆ 3. ಚೆಂಡು ಸರಿಯಾಗಿ ತಲುಪದೆ ಸ್ಟ್ರೈಕರನ್ನು ಮಾತ್ರ ಬಯ್ಯುವುದು ಅನ್ಯಾಯ. ಹಾಗಂತ ಸಿಕ್ಕ ಅವಕಾಶಗಳನ್ನೂ ಇಬ್ಬರೂ ಧಾರಾಳವಾಗಿ ಹಾಳುಮಾಡಿದರು ಅನ್ನುವುದೂ ನಿಜ.

ಇಷ್ಟಾದರೂ, ಅಭ್ಯಾಸಕ್ಕೆ ಸಮಯ ಇದ್ದಿದ್ದರೆ ಒಂದಿಷ್ಟು ದಾರಿಗೆ ಬರುತ್ತಿತ್ತೇನೋ. ಮೊದಲ ಪಂದ್ಯ ಇಪ್ಸ್‌ವಿಚ್ ವಿರುದ್ಧ, ನವೆಂಬರ್ 24, ನಮ್ಮಲ್ಲಿ ಭಾನುವಾರ ರಾತ್ರಿ ಹತ್ತು ಗಂಟೆಗೆ. ರ‍್ಯಾಶ್‌ಫರ್ಡ್ ಎರಡನೇ ನಿಮಿಷಕ್ಕೇ ಗೋಲು ಹೊಡೆದ, ಪಂದ್ಯ 1-1. ಅಲ್ಲಿಂದ ಡಿಸೆಂಬರ್ 30ರವರೆಗೆ 37 ದಿನದಲ್ಲಿ 11 ಪಂದ್ಯ. ಪಂದ್ಯದ ಮರುದಿನ ದೇಹ ಸುಧಾರಿಸಿಕೊಳ್ಳಲು, ಹಿಂದಿನ ದಿನ ಹಗುರ ತಯಾರಿ. ಉಳಿಯುವುದು ಹೆಚ್ಚೆಂದರೆ ಒಂದು ದಿನ, ಅದರಲ್ಲೂ ಪ್ರಯಾಣ. ಮೇಲೆ ಹೇಳಿದ ಆ ಸರಪಳಿ, ಯಾರು ಮುಂದೆ ನುಗ್ಗಬೇಕು ಯಾರು ಜಾರಬೇಕು ಅನ್ನುವುದು, ವಿಡಿಯೊ ತೋರಿಸಿ ಕಲಿಸುವಂಥದ್ದಲ್ಲ. ಮೈದಾನದಲ್ಲಿ ನೂರಾರು ಸಲ ಮಾಡಿ ಮೈಗೂಡಬೇಕು. ಈ ಜಿಲ್ಲೆಯವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಅರೇಬಿಕಾ ಕಾಫಿ ಕೊಯ್ಲಿನ ನಡುವೆ ಯಾರಾದರೂ ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಕಡಿಯಲು, ಆಳು ಹತ್ತಿಸುತ್ತಾರಾ? ಹಣ್ಣು ಗಿಡದಲ್ಲಿದೆ, ಕೊಂಬೆ ಮೇಲಿಂದ ಬೀಳುತ್ತಿದೆ. ಮರಗಸಿ ತಪ್ಪಲ್ಲ, ಹೊತ್ತು ತಪ್ಪು. ಬೇಸಿಗೆಯಲ್ಲೇ ಟೆನ್ ಹಾಗ್ ವಿಷಯ ತೀರ್ಮಾನ ಮಾಡಬೇಕಿದ್ದ ಆಡಳಿತ, ಜುಲೈನಲ್ಲಿ ಅವರ ಒಪ್ಪಂದವನ್ನು 2026ರವರೆಗೆ ಬೆಳೆಸಿ, ಅವರಿಗೆ ಒಪ್ಪುವ ಆಟಗಾರರನ್ನು ಕೊಂಡು, ಅಕ್ಟೋಬರ್‌ನಲ್ಲಿ ಮನೆಗೆ ಕಳಿಸಿತು. ನಿಜವಾಗಿ ನಗಬೇಕಾದ ಜಾಗ ಇದು.

ಕಾರ್ನರ್‌ಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇದಕ್ಕೂ ಫಾರ್ಮೇಶನ್‌ಗೂ ಸಂಬಂಧವೇ ಇಲ್ಲ. ಡಿಸೆಂಬರ್ 4ಕ್ಕೆ ಆರ್ಸೆನಲ್ 2-0, ಎರಡೂ ಕಾರ್ನರ್‌ನಿಂದ, ಟಿಂಬರ್ ಮತ್ತು ಸಲಿಬಾ. ಮೂರು ದಿನ ಬಿಟ್ಟು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಮಿಲೆಂಕೋವಿಚ್ ಎರಡನೇ ನಿಮಿಷಕ್ಕೇ ಕಾರ್ನರ್‌ನಿಂದ ಹೆಡ್ ಮಾಡಿದ. 19ಕ್ಕೆ ಲೀಗ್ ಕಪ್‌ನಲ್ಲಿ ಟಾಟನ್‌ಹ್ಯಾಮ್‌ನ ಸನ್, 26ಕ್ಕೆ ವುಲ್ವ್ಸ್‌ನ ಕುನ್ಯಾ: ಇಬ್ಬರದ್ದೂ ಕಾರ್ನರ್ ಯಾರ ಕಾಲಿಗೂ ತಾಗದೆ ನೇರ ಬಲೆಯೊಳಗೆ. ಒಂದೇ ವಾರದಲ್ಲಿ ಎರಡು ಸಲ! ಇದು ಹೇಗಾಗುತ್ತದೆಂದರೆ, ಹೊಡೆಯುವವನು ಗೋಲಿನ ಕಡೆಗೇ ಬಾಗುವಂತೆ ಚೆಂಡು ತಿರುಗಿಸುತ್ತಾನೆ. ಅವನ ಕಡೆಯ ಇಬ್ಬರು ಮೂವರು ಗೋಲ್‌ಕೀಪರ್‌ನ ಮೈಗೆ ಒತ್ತಿ ನಿಲ್ಲುತ್ತಾರೆ. ಕೀಪರ್‌ಗೆ ನೆಗೆಯಲು ಬೇಕಾದ ಎರಡು ಹೆಜ್ಜೆ ಜಾಗ ಸಿಗುವುದಿಲ್ಲ. ಅವನಿಗೆ ದಾರಿಮಾಡಿಕೊಡಲು ಒಬ್ಬ ಗಟ್ಟಿ ಡಿಫೆಂಡರನ್ನು ಮೀಸಲಿಡಬೇಕು, ಹತ್ತಿರದ ಕಂಬದ ಮುಂದೆ ಒಬ್ಬ ಎತ್ತರದವನನ್ನು ನಿಲ್ಲಿಸಬೇಕು. ಎರಡೂ ಒಂದೇ ಬೆಳಗಿನ ಅಭ್ಯಾಸದಲ್ಲಿ ಹೇಳಿಕೊಡಬಹುದಾದ ಸಂಗತಿ. ಎಂಟು ತಿಂಗಳ ನಂತರ, 2025ರ ಆಗಸ್ಟ್ 17ಕ್ಕೆ, ಹೊಸ ಸೀಸನ್‌ನ ಮೊದಲ ಪಂದ್ಯದಲ್ಲಿ ಅದೇ ಆರ್ಸೆನಲ್, ಮತ್ತೆ ಕಾರ್ನರ್, ಕಲಾಫಿಯೋರಿ ಹೆಡರ್, 1-0. ಇಲ್ಲಿ ಸಮಯ ಇರಲಿಲ್ಲ ಅನ್ನುವ ನೆಪ ನಡೆಯುವುದಿಲ್ಲ. ಈ ತಪ್ಪನ್ನು ಅಮೊರಿಮ್ ಖಾತೆಗೇ ಬರೆಯಬೇಕು.

ಯುರೋಪಿನ ಎರಡನೇ ದರ್ಜೆಯ ಕ್ಲಬ್ ಸ್ಪರ್ಧೆಯಾದ ಯುರೋಪಾ ಲೀಗ್‌ನಲ್ಲಿ ಮಾತ್ರ ಇದೇ ತಂಡ ಫೈನಲ್‌ವರೆಗೆ ಒಂದೂ ಪಂದ್ಯ ಸೋಲಲಿಲ್ಲ. ಬಿಲ್ಬಾವೊದವರನ್ನು ಅವರ ಊರಿನಲ್ಲೇ 3-0 ಹೊಡೆದರು. ಲಿಯಾನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 2-4 ಹಿಂದಿದ್ದು, ಕೊನೆಯ ಏಳೆಂಟು ನಿಮಿಷದಲ್ಲಿ ಮೂರು ಗೋಲು ಹೊಡೆದು 5-4 ಮಾಡಿದರು. ಅಲ್ಲಿನ ಆಟದ ವೇಗ ಕಡಿಮೆ, ನಡುವಿನ ಇಬ್ಬರಿಗೆ ಉಸಿರಾಡಲು ಜಾಗ. ಮೇ 21ರ ಫೈನಲ್, ನಮ್ಮ ಲೆಕ್ಕದಲ್ಲಿ ನಡುರಾತ್ರಿ ಹನ್ನೆರಡೂವರೆ, ಎದುರಿಗೆ ಲೀಗ್‌ನಲ್ಲಿ 17ನೇ ಸ್ಥಾನದ ಟಾಟನ್‌ಹ್ಯಾಮ್. 42ನೇ ನಿಮಿಷಕ್ಕೆ ಬ್ರೆನನ್ ಜಾನ್ಸನ್‌ನ ಒಂದು ಗೋಲು, ಆಮೇಲೆ ಟಾಟನ್‌ಹ್ಯಾಮ್ ಹಿಂದೆ ಸರಿದು ಗೋಡೆ ಕಟ್ಟಿತು. ಆ ಸೀಸನ್‌ನಲ್ಲಿ ಅವರು ಯುನೈಟೆಡ್ ಅನ್ನು ಸೋಲಿಸಿದ್ದು ಅದು ನಾಲ್ಕನೇ ಸಲ. ಮುಂದಿನ ವರ್ಷ ಯುರೋಪಿನ ಸ್ಪರ್ಧೆಗಳಲ್ಲಿ ಜಾಗ ಇಲ್ಲ, 2014-15ರ ನಂತರ ಮೊದಲ ಬಾರಿ.

ಈಗ ನಮ್ಮ ಲಿವರ್‌ಪೂಲ್ ಕಡೆ. ಅದೇ ವರ್ಷ ನಮಗೂ ಹೊಸ ಮ್ಯಾನೇಜರ್. ಅರ್ನೆ ಸ್ಲಾಟ್ ಬೇಸಿಗೆಯಲ್ಲಿ ಬಂದರು, ಕ್ಲಾಪ್ ಬಿಟ್ಟುಹೋದ ಮನೆಯ ಗೋಡೆ ಕೆಡವಲಿಲ್ಲ. ತಂಡಕ್ಕೆ ಸೇರಿ ಆಡಿದ ಹೊಸಬ ಕಿಯೇಸಾ ಒಬ್ಬನೇ, ಅವನೂ ಆಡಿದ್ದು ಅಪರೂಪ. ದೊಡ್ಡ ಬದಲಾವಣೆಯೆಂದರೆ ಗ್ರಾವೆನ್‌ಬರ್ಖ್‌ನನ್ನು ಹಿಂದಕ್ಕೆ ಇಳಿಸಿ ಆರನೇ ನಂಬರಿನ, ಅಂದರೆ ಡಿಫೆಂಡರ್‌ಗಳ ಮುಂದೆ ನಿಂತು ಕಾಯುವ, ಕೆಲಸ ಕೊಟ್ಟದ್ದು. ಒಬ್ಬನ ಕೆಲಸ ಬದಲಾಯಿತು, ಹತ್ತು ಜನರದ್ದಲ್ಲ. ಸಲಾ 29 ಗೋಲು, 18 ಅಸಿಸ್ಟ್, 84 ಪಾಯಿಂಟ್, ಏಪ್ರಿಲ್ 27ಕ್ಕೇ ಲೀಗ್ ಪ್ರಶಸ್ತಿ, ಒಟ್ಟು 20ನೆಯದು, ಅಲ್ಲಿಗೆ ಯುನೈಟೆಡ್‌ಗೆ ಸಮ. ಆದರೆ ಜಾಸ್ತಿ ಬೀಗಬೇಡಿ. ಮರುವರ್ಷ ವಿರ್ಟ್ಸ್, ಇಸಾಕ್, ಎಕಿಟಿಕೆ, ಕೆರ್ಕೆಜ್, ಫ್ರಿಂಪಾಂಗ್ ಅಂತ ಒಟ್ಟಿಗೆ ತುಂಬಿಕೊಂಡು, ಶರತ್ಕಾಲದಲ್ಲಿ ಏಳು ಲೀಗ್ ಪಂದ್ಯದಲ್ಲಿ ಆರು ಸೋತದ್ದು ಇದೇ ಸ್ಲಾಟ್ ತಂಡ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತಿದ್ದೇವೆ.

ಹಣ ಕೊಟ್ಟು ಬೇಕಾದ ಆಟಗಾರರನ್ನು ತಂದ ಮೇಲೂ ಯಾಕೆ ಸರಿಹೋಗಲಿಲ್ಲ?

ಅರ್ಧ ಸರಿಹೋಯಿತು. 2025ರ ಬೇಸಿಗೆಯಲ್ಲಿ ಕುನ್ಯಾ ಮತ್ತು ಎಂಬ್ಯೂಮೊ ಬಂದದ್ದು ಆ ಎರಡು ಹತ್ತನೇ ನಂಬರಿಗೆ ಹೇಳಿ ಮಾಡಿಸಿದ ಹಾಗೆ, ಮುಂದೆ ಶೆಷ್ಕೊ, ಗೋಲಿಗೆ ಲಾಮೆನ್ಸ್. ನಡುವಿಗೆ ಮಾತ್ರ ಯಾರೂ ಬರಲಿಲ್ಲ. ಬ್ರೂನೊ ಫೆರ್ನಾಂಡಿಸ್‌ನನ್ನೇ ಕಸೆಮಿರೊ ಪಕ್ಕಕ್ಕೆ ಇಳಿಸಿದರು. ತಂಡದ ಅತ್ಯುತ್ತಮ ಪಾಸ್ ಕೊಡುವವನು ಗೋಲಿನಿಂದ ದೂರವಾದ, ಖಾಲಿ ಜಾಗವೂ ತುಂಬಲಿಲ್ಲ. ಆಗಸ್ಟ್ 27ಕ್ಕೆ ನಾಲ್ಕನೇ ಡಿವಿಷನ್‌ನ ಗ್ರಿಮ್ಸ್‌ಬಿ ಟೌನ್ ಲೀಗ್ ಕಪ್‌ನಿಂದ ಹೊರಹಾಕಿತು: 2-2, ಪೆನಾಲ್ಟಿಯಲ್ಲಿ 12-11. ಅಮೊರಿಮ್ ಕೈಕೆಳಗೆ ಲೀಗ್‌ನಲ್ಲಿ ಸತತ ಎರಡು ಪಂದ್ಯ ಗೆದ್ದದ್ದು ಮೊದಲ ಬಾರಿಗೆ 2025ರ ಅಕ್ಟೋಬರ್‌ನಲ್ಲಿ, ಬಂದು ಹನ್ನೊಂದು ತಿಂಗಳಿಗೆ. ಆ ಎರಡನೆಯದು ಯಾವ ಪಂದ್ಯ ಅಂತ ಇಲ್ಲಿ ಯಾರೂ ಕೇಳುವುದು ಬೇಡ. (ಹಿಂದಿನ ಸಾಲಿನಿಂದ ಯಾರೋ ಕೂಗಿ ಹೇಳಿಯೇಬಿಟ್ಟರು: ನಮ್ಮದೇ ಮೈದಾನ ಆ್ಯನ್‌ಫೀಲ್ಡ್‌ನಲ್ಲಿ, 2-1.) 2026ರ ಜನವರಿ 5ಕ್ಕೆ ಅವರ ಕೆಲಸ ಹೋಯಿತು.

ಪಂದ್ಯ ನೋಡುವಾಗ ಈ ಪದ್ಧತಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಬೇಗ ತಿಳಿಯುವುದು ಹೇಗೆ?

ಯಾವ ತಂಡ ಮೂರು ಡಿಫೆಂಡರ್ ಇಟ್ಟು ಆಡಿದರೂ ಚೆಂಡು ನೋಡಬೇಡಿ. ಮೊದಲ ಕಾಲು ಗಂಟೆ ಹೊರಗಡೆಯ ಸೆಂಟರ್‌ಬ್ಯಾಕ್ ಒಬ್ಬನನ್ನೇ ನೋಡಿ. ಎದುರಾಳಿಯ ಮಿಡ್‌ಫೀಲ್ಡರ್‌ಗೆ ಪಾಸ್ ಹೊರಟ ಕ್ಷಣಕ್ಕೇ ಅವನು ಹೊರಟರೆ ಸರಿ. ಚೆಂಡು ತಲುಪಿದ ಮೇಲೆ ಹೊರಟರೆ ತಡ. ಕೈಚಾಚಿ ಪಕ್ಕದವನಿಗೆ "ನೀ ಹೋಗು" ಅಂತ ತೋರಿಸುತ್ತ ನಿಂತಿದ್ದರೆ ಇನ್ನೊಂದು ಹತ್ತು ನಿಮಿಷದಲ್ಲಿ ಗೋಲು ಬೀಳುವ ಸಾಧ್ಯತೆ ಹೆಚ್ಚು. ಆಮೇಲೆ ವಿಂಗ್‌ಬ್ಯಾಕ್‌ಗಳು ಎಲ್ಲಿ ಚೆಂಡು ಪಡೆಯುತ್ತಾರೆ ನೋಡಿ: ಮಧ್ಯದ ಗೆರೆಯ ಆಚೆ ಪಡೆದರೆ ಅದು 3-4-2-1, ತಮ್ಮದೇ ಅರ್ಧದೊಳಗೆ ಪಡೆಯುತ್ತಿದ್ದರೆ ಹೆಸರಿಗೆ ಏನೇ ಇರಲಿ, ಅದು ಐವರು ಡಿಫೆಂಡರ್‌ಗಳ ಆಟ, ಮುಂದೆ ಇರುವ ಮೂವರಿಗೆ ಚೆಂಡು ತಲುಪುವುದು ಗೋಲ್‌ಕೀಪರ್ ಎತ್ತಿ ಒದ್ದಾಗ ಮಾತ್ರ.